ಗಾಜಿನ ಮೇಲಣ ಗೀರೂ ಗಾಜಿನ ಅಟ್ಟೆಯೂ

ಈ ಸಲ ನಮ್ಮ ಗೃಹಸ್ಥ ವಾಚಕರ ಮುಂದೆ ಇಡಬೇಕೆಂದಿರುವ ವಿಷಯವು ತೋರಿಕೆಗೆ ಬಹು ಸಣ್ಣದು. ಮೊಬೈಲಿನ ಗಾಜಿನ ಮೇಲೆ ಗೀರುಗಳು ಏಕೆ ಬೀಳುವವು, ಮತ್ತು ಅಂಗಡಿಯವರು 'ಟೆಂಪರ್ಡ್ ಗ್ಲಾಸು', 'ಸ್ಕ್ರೀನ್ ಗಾರ್ಡು' ಮುಂತಾದ ಹೆಸರುಗಳಿಂದ ಅಂಟಿಸಿಕೊಡುವ ಮೇಲುಗಾಜು ಕೊಟ್ಟ ಹಣಕ್ಕೆ ತಕ್ಕ ಪದಾರ್ಥವೋ ಅಲ್ಲವೋ ಎಂಬದಿಷ್ಟೇ ವಿಚಾರ. ಆದರೆ ಸಣ್ಣದೆಂದು ತಳ್ಳಿಬಿಡುವಂತೆ ಇಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಒಳ್ಳೆಯದೆನ್ನತಕ್ಕ ಫೋನು ಒಂದೇ ಇರುವದು. ಕಾರ್ಖಾನೆಗೆ ಹೋದ ಕಬ್ಬಿನ ತೂಕದ ಸಂದೇಶವು ಅದಕ್ಕೇ ಬರುವದು. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ ಹಣವು ಮನೆಯೊಡತಿಯ ಖಾತೆಗೆ ಜಮೆಯಾಯಿತೇ ಎಂದು ನೋಡುವದೂ ಅದರಲ್ಲೇ. ಹಾಲಿನ ಡೇರಿಯ ಲೆಕ್ಕ, ಕಿರಾಣಿ ಅಂಗಡಿಗೆ ಯುಪಿಐ ಮೂಲಕ ಸಲ್ಲಿಸುವ ಹಣ, ಸಂಜೆಯಾದ ಮೇಲೆ ಮಕ್ಕಳ ಪಾಠ, ಇವೆಲ್ಲವೂ ಅದೇ ಒಂದು ಗೇಣುದ್ದದ ಗಾಜಿನ ಹಿಂದೆ ಅಡಗಿರುವವು. ಕಂತಿನ ಮೇಲೆ ಕೊಂಡ ಫೋನಿನ ಗಾಜು ಕಂತು ತೀರುವ ಮೊದಲೇ ಒಡೆಯಿತೆಂದರೆ ಆ ಮನೆಯ ಎರಡು ಮೂರು ತಿಂಗಳ ಲೆಕ್ಕವೇ ಏರುಪೇರಾಗುವದು.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕಾಗಿದೆ. ಕಿಸೆಯಲ್ಲಿ ಬೀಗದ ಕೈಯೊಡನೆಯೋ ಚಿಲ್ಲರೆ ನಾಣ್ಯಗಳೊಡನೆಯೋ ಫೋನನ್ನು ಇಟ್ಟರೆ ಗಾಜು ಗೀರಿಹೋಗುವದೆಂದು ಬಹುಜನರು ನಂಬಿರುವರು. ಒಂದು ಪದಾರ್ಥವು ಇನ್ನೊಂದನ್ನು ಗೀರಬೇಕಾದರೆ ಅದಕ್ಕಿಂತ ಗಡುಸಾಗಿರಬೇಕೆಂಬ ನಿಯಮವನ್ನು ನಮ್ಮ ಅಕ್ಕಸಾಲಿಗರು ಶಾಸ್ತ್ರವನ್ನು ಓದದೆಯೇ ಬಲ್ಲರು. ಅವರು ಬಂಗಾರವನ್ನು ಒರೆಗಲ್ಲಿಗೆ ತಿಕ್ಕಿದಾಗ ಕಲ್ಲಿನ ಮೇಲೆ ಹಳದಿಯ ಗೆರೆಯೊಂದು ಮೂಡುವದಷ್ಟೆ. ಆ ಗೆರೆಯು ಕಲ್ಲಿಗಾದ ಗಾಯವಲ್ಲ. ಗಡುಸಾದ ಕಲ್ಲು ಮೆತ್ತಗಿನ ಬಂಗಾರದಿಂದ ಕಿತ್ತುಕೊಂಡ ಪುಡಿ. 1812ರಲ್ಲಿ ಫ್ರೀಡ್ರಿಷ್ ಮೋಸ್ ಎಂಬ ಜರ್ಮನ್ ಖನಿಜಶಾಸ್ತ್ರಜ್ಞನು ಇದೇ ತತ್ತ್ವವನ್ನು ಹಿಡಿದು ಹತ್ತು ಖನಿಜಗಳನ್ನು ಮೆಟ್ಟಲು ಮೆಟ್ಟಲಾಗಿ ಜೋಡಿಸಿದನು. 1ನೆಯ ಮೆಟ್ಟಲಿನಲ್ಲಿ ಉಗುರಿಗೂ ಸೋಲುವ ಬಳಪದ ಕಲ್ಲು, 10ನೆಯದರಲ್ಲಿ ವಜ್ರ. ಈ ಅಳತೆಯಲ್ಲಿ ತಾಮ್ರವು 3ರ ಹತ್ತಿರ, ಹಿತ್ತಾಳೆಯ ಬೀಗದ ಕೈ 3 ಅಥವಾ 4, ಕಿಟಕಿಯ ಗಾಜು ಸುಮಾರು ಐದೂವರೆ, ಅಡಿಗೆಮನೆಯ ಚೂರಿಯ ಉಕ್ಕೂ ಹೆಚ್ಚುಕಡಿಮೆ ಅಷ್ಟೇ. ಬೆಣಚುಕಲ್ಲು ಮಾತ್ರ 7. ಮೊಬೈಲಿನ ಗಾಜನ್ನು ಈ ಖನಿಜಗಳಿಂದ ಗೀರಿ ಪರೀಕ್ಷಿಸಿದವರ ಅನುಭವವೇನೆಂದರೆ, 6ನೆಯ ಮೆಟ್ಟಲಿನ ವಸ್ತುವಿನಿಂದ ನವಿರಾದ ಗೀರುಗಳು ಬೀಳತೊಡಗುವವು, 7ನೆಯದರಿಂದ ಬೆರಳಿಗೆ ತಾಕುವಷ್ಟು ಆಳವಾದ ಗೀರೇ ಬೀಳುವದು.

ಹೀಗಿರುವಲ್ಲಿ ಹಿತ್ತಾಳೆಯ ಬೀಗದ ಕೈಯಾಗಲಿ ನಾಣ್ಯವಾಗಲಿ ಗಾಜಿಗೆ ಕೇಡು ಮಾಡುವ ಸಂಭವವು ಕಡಿಮೆ. ಅರದಂಥ ಕಡು ಉಕ್ಕಿನ ಮಾತು ಬೇರೆ. ಲೋಹವು ತಿಕ್ಕಿದ ಜಾಗದಲ್ಲಿ ಬೂದುಬಣ್ಣದ ಗೆರೆ ಕಂಡುಬಂದರೆ ಒದ್ದೆಯ ಮೆತ್ತನೆಯ ಅರಿವೆಯಿಂದ ಒರಸಿ ನೋಡಬೇಕು. ಅದು ಅನೇಕ ವೇಳೆ ಒರೆಗಲ್ಲಿನ ಮೇಲಣ ಬಂಗಾರದಂತೆ ಗಾಜಿಗೆ ಹತ್ತಿದ ಲೋಹವೇ ಆಗಿದ್ದು, ಅಳಿಸಿಹೋಗುವದು. ಅಂಥ ಗೆರೆಯನ್ನು ಕಂಡು ಗಾಬರಿಯಿಂದ ಅಂಗಡಿಗೆ ಓಡುವ ಕಾರಣವಿಲ್ಲ.

ನಿಜವಾದ ವೈರಿಯು ಅದೇ ಕಿಸೆಯ ಮೂಲೆಯಲ್ಲಿ ಕಣ್ಣಿಗೆ ಬೀಳದೆ ಕುಳಿತಿರುವ ಉಸುಕಿನ ಕಣ. ಕಟ್ಟಡದ ಉಸುಕಿನಲ್ಲಿ, ಬಯಲಿನ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳು ಇದ್ದೇ ಇರುವವು. ನಮ್ಮ ಸೀಮೆಗೆ ಇದರಲ್ಲಿ ಒಂದು ವಿಶೇಷವುಂಟು. ಇಲ್ಲಿಯ ನೆಲದಡಿಗೆ ಬಹುತರವಾಗಿ ಹಾಸಿರುವದು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸದ ಕರಿಕಲ್ಲು. ಆ ಕಲ್ಲು ಸವೆದು ಆದ ಎರೆಮಣ್ಣು ಜಾತಿಯಿಂದ ಮೆತ್ತನೆಯದು. ಒಣಗಿ ಪುಡಿಯಾದರೂ ಅದರ ನುಣುಪು ಧೂಳು ಗಾಜಿಗೆ ಅಷ್ಟಾಗಿ ಮುನಿಯದು. ಆದರೆ ಅದೇ ಕರಿಕಲ್ಲನ್ನು ಒಡೆದು ಕಡಿ ಮಾಡಿ ರಸ್ತೆಗೆ ಹಾಕಿದಾಗ ಏಳುವ ಪುಡಿಯು ಮೆತ್ತನೆಯದಲ್ಲ. ಅದರಲ್ಲಿಯ ಫೆಲ್ಡ್‌ಸ್ಪಾರ್ ಎಂಬ ಖನಿಜವು ಮೋಸನ ಅಳತೆಯಲ್ಲಿ ಸರಿಯಾಗಿ 6ರ ಮೇಲಿರುವದು. ಕಲ್ಲಿನ ಪೊಟರೆಗಳಲ್ಲಿ ಕೂತಿರುವ ಬಿಳಿಯ ಹರಳುಗಳಲ್ಲಿ ಕೆಲವು 7ಕ್ಕೆ ಮುಟ್ಟುವವು. ಹಂಗಾಮಿನಲ್ಲಿ ಕಬ್ಬು ಹೇರಿಕೊಂಡು ಸಾಲುಗಟ್ಟಿ ಹೋಗುವ ಟ್ರ್ಯಾಕ್ಟರುಗಳ ಹಿಂದೆ ಬೈಕಿನ ಮೇಲೆ ಎರಡು ಹರದಾರಿ ಹೋಗಿ ಬಂದವರು ಮನೆಗೆ ಬಂದು ಕಿಸೆಯನ್ನು ಬುಡಮೇಲು ಮಾಡಿ ಝಾಡಿಸಿ ನೋಡಿದರೆ ನಾವು ಹೇಳುವದು ಮನವರಿಕೆಯಾದೀತು.

ಕಬ್ಬು ಕೂಡ ಸಾಧುಬೆಳೆಯಲ್ಲ. ಅದರ ಗರಿಯ ಅಂಚು ಕೈಯನ್ನು ಕೊಯ್ಯುವದೇಕೆಂದರೆ ಹುಲ್ಲಿನ ಜಾತಿಯ ಸಸ್ಯಗಳು ನೆಲದಿಂದ ಉಸುಕಿನ ಸತ್ವವನ್ನೇ, ಎಂದರೆ ಸಿಲಿಕವನ್ನೇ, ಹೀರಿ ಎಲೆಯಲ್ಲಿ ಸೇರಿಸಿಟ್ಟುಕೊಳ್ಳುವವು. ಕಬ್ಬು ಕಡಿಯುವವರ ಗುಂಪಿನಲ್ಲಿ ಫೋನು ರವದಿಯ ಮೇಲೆಯೇ ಬಿದ್ದಿರುವದು. ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆಯನ್ನೇ ಉರಿಸುವದರಿಂದ ಆ ಬೂದಿಯಲ್ಲಿಯೂ ಸಿಲಿಕವು ಹೆಚ್ಚು. ಗಾಳಿ ತಿರುಗಿದ ದಿನ ಅದು ಅಂಗಳದಲ್ಲಿ ಒಣಹಾಕಿದ ಅರಿವೆಗಳ ಮೇಲೆ ಕರ್ರಗೆ ಕೂಡುವದನ್ನು ಕಾರ್ಖಾನೆಯ ನೆರೆಯ ಊರುಗಳ ನಮ್ಮ ಭಗಿನಿಯರು ಬಲ್ಲರು. ನಿಪ್ಪಾಣಿಯ ಕಡೆಗೆ ಬಂದರೆ ತಂಬಾಕಿನದು ಬೇರೆಯೇ ಕಥೆ. ಆ ಎಲೆಯು ಜಿಗುಟು ಮೈಯುಳ್ಳದ್ದರಿಂದ ಹೊಲದ ಮಣ್ಣನ್ನು ಹಿಡಿದುಕೊಂಡೇ ಮನೆಗೆ ಬರುವದು. ಬೀಡಿ ಕಟ್ಟುವ ತಾಯಂದಿರು ತೊಡೆಯ ಮೇಲೆ ಮೊರವನ್ನಿಟ್ಟುಕೊಂಡು, ಹಾಡು ಕೇಳಲೆಂದು ಪಕ್ಕದಲ್ಲಿ ಫೋನನ್ನಿಟ್ಟು, ಅದೇ ಬೆರಳುಗಳಿಂದ ಕರೆಗಳನ್ನು ಸ್ವೀಕರಿಸುವರು. ಮಾಘಮಾಸದಲ್ಲಿ ಚಿಂಚಲಿಯ ಮಾಯಕ್ಕನ ಜಾತ್ರೆಗೆ ಹೋದವರ ಫೋನು ಹಳದಿ ಬಣ್ಣಕ್ಕೆ ತಿರುಗಿ ಬರುವದುಂಟು. ಭಂಡಾರದಿಂದ ಗಾಜಿಗೆ ಏನೂ ಆಗದು, ಜನರ ಕಾಲುಗಳಿಂದೆದ್ದು ಅದರೊಡನೆ ಬೆರೆತ ಮಣ್ಣಿನಿಂದ ಆಗುವದು.

ಇಷ್ಟಾದರೂ ಧೂಳು ತಾನಾಗಿಯೇ ಗೀರುವದಿಲ್ಲ. ಗೀರುವವರು ನಾವು. ಫೋನಿನ ಮೇಲೆ ಧೂಳನ್ನು ಕಂಡ ಕೂಡಲೆ ಗಂಡಸರು ಅಂಗಿಯ ಚುಂಗಿನಿಂದಲೂ ಧೋತರದ ಅಂಚಿನಿಂದಲೂ, ಹೆಂಗಸರು ಸೆರಗಿನಿಂದಲೂ ಒತ್ತಿ ಒತ್ತಿ ಒರಸುವದು ರೂಢಿ. ಇದು ಸಾಣೆ ಹಿಡಿಯುವ ಕ್ರಿಯೆಯೇ ಸರಿ! ಕಣವು ಗಾಜಿನ ಮೇಲಿದೆ, ಅದರ ಮೇಲೆ ಅರಿವೆ, ಅದರ ಮೇಲೆ ಹೆಬ್ಬೆರಳಿನ ಭಾರ. ಮೊದಲು ಬಾಯಿಂದ ಊದಿ ಇಲ್ಲವೆ ಫೋನನ್ನು ಬೋರಲು ಮಾಡಿ ಮೆಲ್ಲಗೆ ತಟ್ಟಿ ಧೂಳನ್ನು ಬೀಳಿಸಬೇಕು. ತರುವಾಯ ಸ್ವಲ್ಪವೇ ಒದ್ದೆ ಮಾಡಿದ ಹತ್ತಿಯ ಹಳೆಯ ಅರಿವೆಯಿಂದ ಭಾರ ಹಾಕದೆ ಒರಸಬೇಕು. ಕನ್ನಡಕವುಳ್ಳ ಹಿರಿಯರು ತಮ್ಮ ಕನ್ನಡಕಕ್ಕೆ ಈ ಮರ್ಯಾದೆಯನ್ನು ಸಲ್ಲಿಸುವರು, ಫೋನಿಗೆ ಮಾತ್ರ ಸಲ್ಲಿಸುವದಿಲ್ಲ. ಈ ಒಂದು ರೂಢಿಯನ್ನು ತಿದ್ದಿಕೊಂಡ ಮನೆಯಲ್ಲಿ ಅರ್ಧ ಗೀರುಗಳು ಹುಟ್ಟುವದೇ ಇಲ್ಲವೆಂದು ನಮ್ಮ ಅಭಿಪ್ರಾಯ.

'ನಮ್ಮದು ಗಟ್ಟಿ ಗಾಜಿನ ಫೋನು, ಅದಕ್ಕೆ ಗೀರು ಬೀಳದೆಂದು ಕಂಪನಿಯವರೇ ಹೇಳಿದ್ದಾರೆ' ಎನ್ನುವವರಿರುವರು. ಗಟ್ಟಿತನ ಬೇರೆ, ಗಡುಸುತನ ಬೇರೆ. 1962ರಲ್ಲಿ ಅಮೇರಿಕೆಯ ಕಾರ್ನಿಂಗ್ ಕಂಪನಿಯು ಕೆಮ್‌ಕೋರ್ ಎಂಬ ಬಲಿಷ್ಠವಾದ ಗಾಜನ್ನು ಪ್ರಕಟಿಸಿತು. ಅದಕ್ಕೆ ಆಗ ತಕ್ಕ ಗಿರಾಕಿ ಸಿಗಲಿಲ್ಲ. 2007ರ ಜನವರಿಯಲ್ಲಿ ಆ್ಯಪಲ್ ಕಂಪನಿಯು ತನ್ನ ಮೊದಲನೆಯ ಐಫೋನನ್ನು ಲೋಕಕ್ಕೆ ತೋರಿಸಿದಾಗ ಅದರ ಮುಖವು ಪ್ಲ್ಯಾಸ್ಟಿಕಿನದಾಗಿತ್ತು. ಅದು ಬೇಗನೆ ಗೀರುವದೆಂದು ಕಂಡುಬಂದು, ಜೂನಿನಲ್ಲಿ ಮಾರಾಟಕ್ಕೆ ಬರುವಷ್ಟರಲ್ಲಿ ಗಾಜಾಯಿತು. ಗೊರಿಲ್ಲಾ ಗ್ಲಾಸ್ ಎಂಬ ಹೆಸರು ಪ್ರಸಿದ್ಧಿಗೆ ಬಂದದ್ದು ಅಲ್ಲಿಂದೀಚೆಗೆ. ಇಂಥ ಗಾಜನ್ನು ಮಾಡುವ ಬಗೆಯು ಕುತೂಹಲಕರವಾಗಿದೆ. ಸೋಡಿಯಂ ಕಣಗಳುಳ್ಳ ಗಾಜನ್ನು ಸುಮಾರು 400 ಅಂಶ ಸೆಂಟಿಗ್ರೇಡ್ ಶಾಖದಲ್ಲಿ ಕರಗಿಸಿದ ಪೆಟ್ಲುಪ್ಪಿನಲ್ಲಿ ಅದ್ದಿ ಇಡುವರು. ಗಾಜಿನ ಮೈಯೊಳಗಿನ ಸಣ್ಣ ಸೋಡಿಯಂ ಕಣಗಳು ಹೊರಗೆ ಬಂದು, ಅವುಗಳ ಜಾಗದಲ್ಲಿ ಪೆಟ್ಲುಪ್ಪಿನ ದೊಡ್ಡ ಪೊಟ್ಯಾಸಿಯಂ ಕಣಗಳು ಹೊಗುವವು. ನಿಪ್ಪಾಣಿಯಿಂದ ಚಿಕ್ಕೋಡಿಗೆ ಬರುವ ಬಸ್ಸಿನಲ್ಲಿ ಮೂವರ ಆಸನದಿಂದ ಮೂವರು ತೆಳ್ಳನೆಯವರು ಇಳಿದು ಮೂವರು ಸ್ಥೂಲಕಾಯರು ಕೂತರೆ ಏನಾಗುವದೋ ಅದೇ ಇಲ್ಲಿ ಆಗುವದು. ಮೈಮೇಲಿನ ಪದರವೆಲ್ಲ ಒಂದಕ್ಕೊಂದು ಒತ್ತಿಕೊಂಡು ಬಿಗಿಯಾಗುವದು. ಸೀಳು ಬಿಡಬೇಕಾದರೆ ಮೊದಲು ಆ ಒತ್ತನ್ನು ಗೆಲ್ಲಬೇಕು. ಈ ಉಪಾಯದಿಂದ ಗಾಜು ಬಿದ್ದರೆ ಒಡೆಯುವದು ಕಡಿಮೆಯಾಯಿತು, ಬೆಣಚುಕಲ್ಲಿಗಿಂತ ಗಡುಸಾಗಲಿಲ್ಲ.

ಗೀರು ಬಿದ್ದರೆ ಅಂದಗೆಡುವದಿಷ್ಟೇ ತಾನೆ ಎಂದು ಕೇಳಬಹುದು. ಅಂದವಷ್ಟೇ ಆಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಇಂಗ್ಲಂಡದ ಗ್ರಿಫಿತ್ ಎಂಬ ಎಂಜಿನಿಯರನು 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಗಾಜು ತನ್ನ ಸಹಜ ಬಲಕ್ಕಿಂತ ಬಹಳ ಕಡಿಮೆ ಬಲಕ್ಕೇ ಒಡೆಯುವದೇಕೆಂದು ತೋರಿಸಿಕೊಟ್ಟನು. ಅದರ ಮೈಮೇಲಿನ ಅತಿ ಸಣ್ಣ ಸೀಳುಗಳ ತುದಿಯಲ್ಲಿ ಸೆಳೆತವೆಲ್ಲ ಒಟ್ಟುಗೂಡುವದು. ಒಡಕು ಅಲ್ಲಿಂದಲೇ ಹೊರಡುವದು. ಬಳೆಗಾರನು ಗಾಜಿನ ಬಳೆಗೆ ಅರದಿಂದ ಗೀರಿ ತಟಕ್ಕನೆ ಮುರಿಯುವದೂ, ಕಿಟಕಿಯ ಗಾಜನ್ನು ಕೊಯ್ಯುವವನು ಹರಳಿನಿಂದ ಒಂದು ಗೆರೆಯೆಳೆದು ಕೈಯಿಂದ ಮುರಿಯುವದೂ ಇದೇ ಯುಕ್ತಿ. ನವಿರಾದ ಕೂದಲಗೀರುಗಳಿಂದ ಭಯವಿಲ್ಲ. ಅವು ಮೇಲಿನ ಬಿಗಿಪದರದಲ್ಲಿಯೇ ನಿಲ್ಲುವವು. ಉಗುರಿಗೆ ತಾಕುವ ಗೀರು, ಅದರಲ್ಲಿಯೂ ಅಂಚಿನ ಹತ್ತಿರದ್ದು, ಮುಂದೆ ಫೋನು ಕೈಜಾರಿದ ದಿನ ಒಡಕಿಗೆ ದಾರಿ ತೋರಿಸುವದು. ಒಡೆದ ಮೇಲೆ ಬರಿಯ ಗಾಜನ್ನಷ್ಟೇ ಬದಲಿಸುವದು ಬಹಳ ಫೋನುಗಳಲ್ಲಿ ಸುಲಭವಲ್ಲ. ಗಾಜೂ ಅದರ ಹಿಂದಿನ ಬೆಳಕಿನ ಹಲಗೆಯೂ ಒಂದಕ್ಕೊಂದು ಅಂಟಿಸಿದವಾದ್ದರಿಂದ 'ಡಿಸ್ಪ್ಲೇ' ಎಂದು ಪೂರ್ತಿಯಾಗಿ ಹಾಕಿಸಬೇಕಾಗಿ ಸಾವಿರಗಳ ಮಾತು ಬರುವದು.

ಇನ್ನು ಮೇಲುಗಾಜಿನ ವಿಚಾರ. ಪೇಟೆಯಲ್ಲಿ ಎರಡು ಬಗೆಯವು ಸಿಕ್ಕುವವು: ಪ್ಲ್ಯಾಸ್ಟಿಕಿನ ತೆಳು ಹಾಳೆ, ಮತ್ತು ಅರ್ಧ ಮಿಲಿಮೀಟರಿಗೂ ಕಡಿಮೆ ದಪ್ಪದ ಗಾಜು. ಹಾಳೆಯು ಗೀರನ್ನು ತಾನು ಪಡೆದುಕೊಳ್ಳುವದು, ಪೆಟ್ಟಿಗೆ ಅಡ್ಡ ಬರಲಾರದು. ಗಾಜು ಎರಡನ್ನೂ ಸ್ವಲ್ಪಮಟ್ಟಿಗೆ ಮಾಡುವದು. ಗಾಜಿನ ಡಬ್ಬಿಯ ಮೇಲೆ ದೊಡ್ಡದಾಗಿ '9 ಎಚ್' ಎಂದು ಅಚ್ಚು ಹಾಕಿರುವರು. ಇದನ್ನು ಮೋಸನ 9ನೆಯ ಮೆಟ್ಟಲೆಂದು, ಎಂದರೆ ಮಾಣಿಕ್ಯ ನೀಲಗಳ ಸಮಾನವೆಂದು, ತಿಳಿದವರು ಎಷ್ಟೋ ಜನ. ಕೆಲವು ಅಂಗಡಿಯವರೂ ಹಾಗೆಯೇ ತಿಳಿದಿರುವರು. ಸಂಗತಿಯು ಬೇರೆಯಿದೆ. ಚಿತ್ರಕಾರರ ಪೆನ್ಸಿಲುಗಳಲ್ಲಿ ಮೆತ್ತಗಿನವು, ಗಡುಸಿನವು ಎಂಬ ದರ್ಜೆಗಳಿದ್ದು, ಅತ್ಯಂತ ಗಡುಸಾದ ಪೆನ್ಸಿಲಿಗೆ 9 ಎಚ್ ಎಂದು ಹೆಸರು. ಬಣ್ಣ ವಾರ್ನಿಷುಗಳ ಗಟ್ಟಿತನವನ್ನು ಪರೀಕ್ಷಿಸಲು ಈ ಪೆನ್ಸಿಲುಗಳನ್ನು ಓರೆಯಾಗಿ ಹಿಡಿದು ತಳ್ಳಿ ನೋಡುವ ಪದ್ಧತಿಯುಂಟು. ಪೆನ್ಸಿಲಿನ ಕಡ್ಡಿಯೆಂದರೆ ಗ್ರಾಫೈಟು ಮತ್ತು ಜೇಡಿಮಣ್ಣು. ಅದು ಮನೆಯ ಕಿಟಕಿಯ ಗಾಜನ್ನೂ ಗೀರಲಾರದು. ಆದ್ದರಿಂದ '9 ಎಚ್' ಎಂಬುವ ಬಿರುದಿಗಾಗಿ ಹತ್ತು ರೂಪಾಯಿ ಹೆಚ್ಚು ಕೊಡುವ ಪ್ರಯೋಜನವಿಲ್ಲ. ಫೋನಿನ ಗಾಜನ್ನು ಗೀರುವ ಉಸುಕು ಮೇಲುಗಾಜನ್ನೂ ಗೀರಿಯೇ ಗೀರುವದು.

ಗೀರುವದಾದರೆ ಅದು ಏತಕ್ಕೆ ಬೇಕು? ಇದಕ್ಕೆ ಉತ್ತರವು ಅಥಣಿಯ ಪೇಟೆಯಲ್ಲಿದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮನ್ನಣೆ ಬಂದಾಗ ಅದರಲ್ಲಿ ಮಹಾರಾಷ್ಟ್ರದ ಜಿಲ್ಲೆಗಳೊಡನೆ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿತು. ಅಥಣಿಯ ಕುಶಲಕರ್ಮಿಗಳು ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿಯುವ ಆ ಜೋಡುಗಳನ್ನು ನಮ್ಮ ವಾಚಕರಲ್ಲಿ ಅನೇಕರು ಮೆಟ್ಟಿರುವರು. ಹಿಮ್ಮಡಿಯ ಕಡೆ ಸವೆದಾಗ ಜಾಣರು ಚಪ್ಪಲಿಯನ್ನು ಎಸೆಯುವದಿಲ್ಲ, ಹೊಸ ಅಟ್ಟೆ ಹಾಕಿಸುವರು. ಅಟ್ಟೆಯು ಸವೆಯತಕ್ಕದ್ದೇ, ಅದು ಸವೆಯುವದರಿಂದ ಮೇಲಿನ ಕೆಲಸವು ಉಳಿಯುವದು. ಮೇಲುಗಾಜನ್ನು ಫೋನಿನ ಅಟ್ಟೆಯೆಂದು ತಿಳಿದು ಕೊಂಡರೆ ಮೋಸಹೋಗುವ ಭಯವಿಲ್ಲ. ಕವಚವೆಂದು ತಿಳಿದು ಕೊಂಡರೆ ಮೋಸಹೋಗುವೆವು. ಫೋನು ಬಿದ್ದು ಮೇಲುಗಾಜು ಚೂರಾಗಿ ಒಳಗಿನದು ಉಳಿದಾಗ 'ಇದಿದ್ದುದರಿಂದ ಅದು ಬದುಕಿತು' ಎನ್ನುವದು ವಾಡಿಕೆ. ಕೆಲವೊಮ್ಮೆ ಅದು ನಿಜವೂ ಹೌದು, ಪೆಟ್ಟಿನ ಒಂದಂಶವನ್ನು ಅದು ನುಂಗಿರುವದು. ಆದರೆ ತೆಳ್ಳಗಿನ ಅಗ್ಗದ ಗಾಜು ಒಳಗಿನದನ್ನು ಒಡೆಯಲಾರದ ಸಣ್ಣ ಪೆಟ್ಟಿಗೂ ಒಡೆಯುವದೆಂಬದನ್ನು ಮರೆಯಬಾರದು. ಬೀಳುವ ಫೋನು ಹೆಚ್ಚಾಗಿ ಮೂಲೆಯ ಮೇಲೆಯೇ ಬೀಳುವದರಿಂದ, ಅಂಚು ಗಾಜಿಗಿಂತ ಕೂದಲೆಳೆಯಷ್ಟಾದರೂ ಮೇಲೆದ್ದಿರುವ ರಬ್ಬರಿನ ಕವರು ಒಡಕನ್ನು ತಪ್ಪಿಸುವದರಲ್ಲಿ ಮೇಲುಗಾಜಿಗಿಂತ ಹೆಚ್ಚು ಕೆಲಸದ್ದು. ಎರಡಕ್ಕೂ ಹಣವಿಲ್ಲದವರು ಮೊದಲು ಕವರನ್ನು ಕೊಳ್ಳಲಿ.

ಹಾಗಾದರೆ ಯಾರಿಗೆ ಬೇಕು, ಯಾರಿಗೆ ಬೇಡ? ಹೊಲದಲ್ಲಿ, ಇಟ್ಟಿಗೆಯ ಭಟ್ಟಿಯಲ್ಲಿ, ಕಟ್ಟಡದ ಕೆಲಸದಲ್ಲಿ, ಬೀಡಿಯ ಮೊರದ ಮುಂದೆ, ಕಬ್ಬಿನ ಗ್ಯಾಂಗಿನಲ್ಲಿ, ಬೈಕಿನ ಮೇಲೆ ಹಾಲು ಹಾಕುವದರಲ್ಲಿ ದಿನವನ್ನು ಕಳೆಯುವವರು ಸಾಧಾರಣ ಬೆಲೆಯ ಗಾಜನ್ನು ಅಂಟಿಸಿಕೊಳ್ಳಲೇಬೇಕೆಂದು ನಾವು ಹೇಳುವೆವು. ನೂರು ನೂರೈವತ್ತು ರೂಪಾಯಿಯ ಗಾಜು ವರ್ಷಕ್ಕೆ ಎರಡು ಸಲ ಬದಲಾದರೂ ಡಿಸ್ಪ್ಲೇಯ ಬೆಲೆಯ ಹತ್ತಿರ ಸುಳಿಯದು. ಐನೂರು ಆರುನೂರಿನ ಗಾಜು ಇವರಿಗೆ ಬೇಡ; ಬೇಗ ಸವೆಯತಕ್ಕದ್ದಕ್ಕೆ ಹೆಚ್ಚು ಬೆಲೆ ಏತಕ್ಕೆ? ಇನ್ನು ಶಾಲೆ, ಕಚೇರಿ, ಬ್ಯಾಂಕುಗಳಲ್ಲಿ ಮೇಜಿನ ಮುಂದೆ ಕೂಡ್ರುವವರು, ಮುಚ್ಚಳವುಳ್ಳ ಚೀಲದಲ್ಲಿ ಫೋನನ್ನಿಡುವವರು ಗಾಜಿಲ್ಲದೆಯೇ ನಿಶ್ಚಿಂತರಾಗಿರಬಹುದು. ಎರಡು ವರ್ಷದಲ್ಲಿ ನಾಲ್ಕು ಕೂದಲಗೀರು ಬಿದ್ದರೆ ಬೀಳಲಿ. ಹೊಸ ಫೋನನ್ನು ಡಬ್ಬಿಯಿಂದ ತೆಗೆಯುವ ಮೊದಲೇ ಅಂಗಡಿಯವನು ಗಾಜು ಹಚ್ಚಲು ಕೈಹಾಕುವದು ಅವನ ಲಾಭದ ಸಲುವಾಗಿ, ಬೇಡವೆನ್ನಲು ದಾಕ್ಷಿಣ್ಯವೇಕೆ? ಮಡಚುವ ಫೋನುಗಳ ಒಡೆಯರು ನಮ್ಮಲ್ಲಿ ವಿರಳವಾದರೂ ಅವರಿಗೊಂದು ಮಾತು: ಅವುಗಳ ಮೇಲೆ ಕಾರ್ಖಾನೆಯಲ್ಲಿಯೇ ಹಚ್ಚಿದ ಹಾಳೆಯನ್ನು ರಕ್ಷಣೆಯ ಹಾಳೆಯೆಂದು ತಿಳಿದು ಎಂದಿಗೂ ಕೀಳಬಾರದು.

ಮೇಲುಗಾಜಿನಿಂದ ತೊಂದರೆಗಳೂ ಇಲ್ಲದಿಲ್ಲ. ಗಾಜಿನ ಕೆಳಗೇ ಬೆರಳಚ್ಚು ಓದುವ ಫೋನುಗಳಲ್ಲಿ ಕೆಲವು, ದಪ್ಪ ಗಾಜು ಹಚ್ಚಿದ ತರುವಾಯ ಒಡೆಯನನ್ನೇ ಗುರುತಿಸಲೊಲ್ಲವು. ಬೆರಳನ್ನು ಹೊಸದಾಗಿ ನೋಂದಿಸಿದರೆ ಒಮ್ಮೊಮ್ಮೆ ಸರಿಹೋಗುವದು. ಮಿನುಗು ಕಾಣಬಾರದೆಂದು ಮಾಡಿದ ಮಂಕು ಹಾಳೆಯಿಂದ ಸಣ್ಣ ಅಕ್ಷರಗಳು ಮಸುಕಾಗುವದರಿಂದ ವಯಸ್ಸಾದವರ ಫೋನಿಗೆ ಅದು ಸಲ್ಲದು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಒಡೆದ ಮೇಲುಗಾಜನ್ನು 'ಒಳಗಿನದು ಒಡೆದಿಲ್ಲವಲ್ಲ' ಎಂದು ತಿಂಗಳುಗಟ್ಟಲೆ ಹಾಗೆಯೇ ಇಟ್ಟುಕೊಳ್ಳುವ ಮನೆಗಳು ಬಹಳ. ಅದರ ಅಂಚಿನಿಂದ ಉದುರುವ ಚೂರುಗಳು ಕಣ್ಣಿಗೆ ಕಾಣಿಸವು; ಅದೇ ಫೋನು ಹಾಲುಗಲ್ಲದ ಕೂಸಿನ ಕೈಯಲ್ಲಿ, ಕೂಸಿನ ಬೆರಳು ಬಾಯಿಯಲ್ಲಿ. ಒಡೆದ ದಿನವೇ ಅದನ್ನು ತೆಗೆದು ಕಾಗದದಲ್ಲಿ ಸುತ್ತಿ ಎಸೆಯತಕ್ಕದ್ದು. ಹೊಸದಕ್ಕೆ ಆ ವಾರ ಅನುಕೂಲವಿರದಿದ್ದರೆ ಬರಿಯ ಫೋನನ್ನೇ ಬಳಸಬಹುದು.

ಬಿದ್ದ ಗೀರನ್ನು ಅಳಿಸುವ ಮನೆಮದ್ದುಗಳು ಬಾಯಿಂದ ಬಾಯಿಗೆ ಬಹಳವಾಗಿ ಹಬ್ಬಿವೆ. ಹಲ್ಲುಜ್ಜುವ ಪೇಸ್ಟಿನಿಂದ ತಿಕ್ಕಿದರೆ ಗೀರು ಹೋಗುವದಿಲ್ಲ. ಬೆರಳಿನ ಜಿಡ್ಡು ಹತ್ತದಂತೆ ಗಾಜಿನ ಮೇಲೆ ಹಚ್ಚಿರುವ ಅತಿ ತೆಳುವಾದ ಲೇಪವು ಹೋಗುವದು. ಆಮೇಲೆ ಫೋನು ಯಾವಾಗಲೂ ಜಿಡ್ಡುಜಿಡ್ಡಾಗಿಯೇ ತೋರುವದು. ಕೊಬ್ಬರಿ ಎಣ್ಣೆ ಸವರಿದರೆ ಗೀರು ಮಾಯವಾದಂತೆ ಕಾಣುವದು ನಿಜ. ಎಣ್ಣೆಯು ಗೀರಿನ ಹಳ್ಳವನ್ನು ತುಂಬುವದರಿಂದ ಬೆಳಕು ಅಲ್ಲಿ ಚದರದೆ ನೇರವಾಗಿ ಹಾಯುವದು. ಒರಸಿದ ಕೂಡಲೆ ಗೀರು ಮರಳಿ ಪ್ರತ್ಯಕ್ಷ. ಮೇಲುಗಾಜಿನ ಅಂಟು ಕೂಡ ನವಿರಾದ ಗೀರುಗಳನ್ನು ಇದೇ ರೀತಿ ತುಂಬಿ ಮರೆಮಾಡುವದು. ಆದ್ದರಿಂದ ಹಳೆಯ ಫೋನನ್ನು ಕೊಳ್ಳುವವರು ಮೇಲುಗಾಜನ್ನು ತೆಗೆಸಿ ನೋಡಿಯೇ ಹಣವನ್ನು ಎಣಿಸಬೇಕು.

ಅಂಟಿಸುವ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು, ಅವಸರ ಮಾತ್ರ ಕೂಡದು. ಸ್ನಾನವಾದ ತರುವಾಯ ಬಚ್ಚಲುಮನೆಯಲ್ಲಿ ಹಬೆಯೊಡನೆ ಧೂಳೂ ಕೆಳಗೆ ಕೂತಿರುವದು. ನೆಲದ ನೀರು ಬಸಿದ ಮೇಲೆ ಅಲ್ಲಿಯೇ ಒಂದು ಮಣೆಯನ್ನಿಟ್ಟುಕೊಂಡು ಕೂಡ್ರುವದು ಉತ್ತಮ. ಕೈಯನ್ನು ತೊಳೆದು ಒಣಗಿಸಿಕೊಂಡು, ಡಬ್ಬಿಯಲ್ಲಿ ಬರುವ ಒದ್ದೆ ಕಾಗದದಿಂದಲೂ ತರುವಾಯ ಒಣ ಅರಿವೆಯಿಂದಲೂ ಫೋನನ್ನು ಒರಸಿ, ಉಳಿದ ಕಣಗಳನ್ನು ಅಂಟುಪಟ್ಟಿಯಿಂದ ಒಂದೊಂದಾಗಿ ಎತ್ತಬೇಕು. ಗಾಜನ್ನು ಕಿವಿಯ ಹತ್ತಿರದ ರಂಧ್ರಕ್ಕೆ ಸರಿಯಾಗಿ ಹೊಂದಿಸಿ ಕೈಬಿಟ್ಟರೆ ನಡುವಿನಿಂದ ತಾನೇ ಹರಡಿಕೊಳ್ಳುವದು. ಗಾಳಿಯ ಗುಳ್ಳೆಯು ಒತ್ತಿದರೆ ಅಂಚಿಗೆ ಸರಿದು ಹೋಗುವದು. ಸರಿಯದ ಗುಳ್ಳೆಯ ನಡುವೆ ಧೂಳಿನ ಕಣವಿರುವದೆಂದು ತಿಳಿದು, ಆ ಮೂಲೆಯನ್ನು ಮೆಲ್ಲಗೆ ಎತ್ತಿ ಅಂಟುಪಟ್ಟಿಯಿಂದ ಕಣವನ್ನು ತೆಗೆದು ಮತ್ತೆ ಇಳಿಸಬೇಕು. ದ್ರವದ ಅಂಟನ್ನು ಸುರಿದು ದೀಪದಿಂದ ಒಣಗಿಸುವ ಬಗೆಯನ್ನು, ಬಾಗಿದ ಅಂಚಿನ ಫೋನುಳ್ಳವರು ಕೂಡ, ಪಳಗಿದ ಕೈಯಿಂದಲೇ ಮಾಡಿಸುವದು ಲೇಸು. ಅಂಟು ಮಾತಿನ ರಂಧ್ರದೊಳಗೆ ಹರಿದರೆ ಧ್ವನಿಯೇ ಅಡಗುವದು. ರಸ್ತೆಯ ಬದಿಯ ಅಂಗಡಿಯಲ್ಲಿ ಹಾಕಿಸುವದಾದರೆ ತಲೆಯ ಮೇಲಿನ ಫ್ಯಾನನ್ನು ಐದು ನಿಮಿಷ ನಿಲ್ಲಿಸಿರೆಂದು ಹೇಳಬೇಕು, ಸಾಧ್ಯವಾದರೆ ಕಬ್ಬಿನ ಹಂಗಾಮು ಮುಗಿದು ಮೊದಲ ಮಳೆ ಬಿದ್ದ ಮರುದಿನ ಹೋಗಬೇಕು.